ಅಡವಿಟ್ಟ ಒಂಬತ್ತು ಬೇಡ

ಹದಿನಾಲ್ಕನೆಯ ಜರಡಿಯನ್ನು ಎಲ್ಲಿ ನೇತುಹಾಕುವುದೆಂದು ಅಡುಗೆಮನೆಯ ಗೋಡೆಯಲ್ಲಿ ಖಾಲಿ ಮೊಳೆ ಹುಡುಕುತ್ತಿದ್ದೆ. ಹದಿಮೂರು ಜರಡಿಗಳು ಆಗಲೇ ಕಿಟಕಿಯಿಂದ ಹಿಡಿದು ಹಿತ್ತಿಲ ಬಾಗಿಲವರೆಗೆ ಸಾಲಾಗಿ ತೂಗುತ್ತಿದ್ದವು. ನಮ್ಮ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವುದು ವಾರಕ್ಕೊಮ್ಮೆ. ಜರಡಿಯವನು ನಮ್ಮ ಬೀದಿಗೆ ಬರತೊಡಗಿ ಮೂರು ತಿಂಗಳು, ಅವನು ಬರುವುದೂ ವಾರಕ್ಕೊಮ್ಮೆ. ಕೊನೆಗೆ ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಜರಡಿ ಹಾಕಿ, ಕ್ಯಾಲೆಂಡರನ್ನು ಜರಡಿಗೇ ಸಿಕ್ಕಿಸಿದೆ.

ಜರಡಿಯವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನು ಬೀದಿಯ ಎಲ್ಲ ಮನೆಗಳ ಮುಂದೆ ನಿಲ್ಲುವವನಲ್ಲ. ಯಾವ ಮನೆಯಲ್ಲಿ ದೊಡ್ಡಂಗಡಿಯ ಕೆಂಪು ಕಾರ್ಡಿದೆಯೋ ಆ ಮನೆಯ ಮುಂದೆ ಮಾತ್ರ ಬುಟ್ಟಿ ಇಳಿಸುತ್ತಿದ್ದ. ಅವನ ಹೊಟ್ಟೆಪಾಡು ಅವನದು.

ಹಳೆಯ ಕೋಟೆಯ ಕಂದಕ ಮುಚ್ಚಿ ಕಟ್ಟಿದ ನಾಲ್ಕಂತಸ್ತಿನ ಅಂಗಡಿಯನ್ನು ನಮ್ಮೂರಿನಲ್ಲಿ ದೊಡ್ಡಂಗಡಿ ಅನ್ನುತ್ತೇವೆ. ಅವರ ಕಾರ್ಡಿನ ಮೇಲೆ ಸಾಮಾನು ತಂದರೆ, ಕಂತು ತೀರುವ ತನಕ ಆ ಮನೆಯವರ ಬೇಡಗಳು ಅಂಗಡಿಯಲ್ಲಿ ಅಡವಿರುತ್ತವೆ. ಕುಕ್ಕರಿಗೆ ಎರಡು ಬೇಡ, ಇಸ್ತ್ರಿ ಪೆಟ್ಟಿಗೆಗೆ ಮೂರು, ಫ್ರಿಜ್ಜಿಗಾದರೆ ಇದ್ದಷ್ಟೂ. ಕೊಟ್ಟು ಬಂದ ಮೇಲೆ ಯಾರು ಏನು ಕೇಳಿದರೂ ಬೇಡ ಅನ್ನಲು ಬಾಯಿ ಬರುವುದಿಲ್ಲ. ತಲೆಯನ್ನಾದರೂ ಅಡ್ಡಡ್ಡ ಆಡಿಸೋಣವೆಂದರೆ ಕತ್ತು ಮಾತು ಕೇಳುವುದಿಲ್ಲ. ಬಾಗಿಲು ಹಾಕಿಕೊಂಡು ಕೂತರೆ ಕೈ ತಾನಾಗಿ ಹೋಗಿ ಚಿಲಕ ತೆಗೆಯುತ್ತದೆ. ಮೊದಮೊದಲು ಕಷ್ಟ. ಆಮೇಲೆ ಎಲ್ಲರ ಮನೆಯಲ್ಲೂ ಇಷ್ಟಿಷ್ಟು ಜರಡಿ ಇರುತ್ತವೆ ಎಂದು ಗೊತ್ತಾಗುತ್ತದೆ.

ನಾನು ಕೊಟ್ಟದ್ದು ಗ್ರೈಂಡರಿಗೆ, ಎರಡು ವರ್ಷದ ಹಿಂದೆ. ಅಂಗಡಿಯ ಮೂರನೆಯ ಮಹಡಿಯಲ್ಲಿ ಬಿಳಿ ಅಂಗಿಯವನೊಬ್ಬ ಹಿತ್ತಾಳೆ ತಟ್ಟೆ ಹಿಡಿದು ನನ್ನೆದುರು ಕೂತು ಕೇಳುತ್ತಾ ಹೋದ. ಟೀ ಕುಡೀತೀರಾ? ಫ್ಯಾನು ಜೋರು ಮಾಡಲಾ? ನಿಮ್ಮ ಬಳೆ ನನಗೆ ಕೊಡ್ತೀರಾ? ನಾನು ಬೇಡ ಅಂದಾಗೆಲ್ಲ ಹುಣಸೆ ಬೀಜದಷ್ಟು ದೊಡ್ಡದೊಂದು ಬಾಯಿಂದ ಉದುರಿ ತಟ್ಟೆಯಲ್ಲಿ ಟಣ್ ಅನ್ನುತ್ತಿತ್ತು. ಅರ್ಧ ಗಂಟೆ ಕೇಳಿ ಒಂಬತ್ತು ತೆಗೆದ. ಆಮೇಲೆ ಎಷ್ಟು ಕೇಳಿದರೂ ಉದುರಲಿಲ್ಲ.

ಪಕ್ಕದಲ್ಲಿ ಕೂತಿದ್ದ ನಮ್ಮವರು ತಟ್ಟೆಗೆ ಬಗ್ಗಿ ಎಣಿಸಿದರು. "ಒಂಬತ್ತಿತ್ತೇನೇ ನಿನ್ನ ಹತ್ರ?" ಅಂದರು. ಕೊಂಕು ಇರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ಆಮೇಲೆ ಬಿಳಿ ಅಂಗಿಯವನನ್ನು, "ಗಂಡಸರದ್ದು ಯಾಕ್ರೀ ತಗೊಳ್ಳಲ್ಲ?" ಎಂದು ಕೇಳಿದರು.

"ನಿಮ್ಮದೆಲ್ಲ ಬಳಸಿ ಬಳಸಿ ಸವೆದಿರುತ್ತೆ ಸಾರ್," ಅಂದ ಅವನು. "ಹೆಂಗಸರದ್ದು ಹೊಸದರ ಹಾಗೇ ಇರುತ್ತೆ."

ಹೋದ ತಿಂಗಳು ಕೊನೆಯ ಕಂತು ಕಟ್ಟಿದೆ. ಸೋಮವಾರ ಹೋಗಿ ರಸೀತಿ ತೋರಿಸಿದಾಗ ಕಾಗದದ ಪೊಟ್ಟಣದಲ್ಲಿ ಒಂಬತ್ತು ಎಣಿಸಿ ಕೊಟ್ಟರು. ನಾಲಿಗೆಯ ಕೆಳಗಿಟ್ಟುಕೊಂಡು ಒಂದು ರಾತ್ರಿ ಮಲಗಿ ಎದ್ದರೆ ಅವು ಒಳಗೆ ಕೂತುಬಿಡುತ್ತವೆ, ನಾವಾಗಿ ಮತ್ತೆ ತೆಗೆಯಲು ಬರುವುದಿಲ್ಲ. ಹಾಗೆಯೇ ಮಾಡಿದೆ. ಬೆಳಿಗ್ಗೆ ಎದ್ದಾಗ ಜರಡಿಯವನು ಬರುವುದನ್ನೇ ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಅವನು ಬಂದ. ಬುಟ್ಟಿ ಇಳಿಸಿ, "ಜರಡಿ ಕೊಡ್ಲಾ ಅಮ್ಮಾ?" ಅಂದ.

"ಅಯ್ಯಯ್ಯೋ, ಬೇಡಪ್ಪಾ! ಹೊಟ್ಟೆ ತುಂಬಿ ಹೋಗಿದೆ," ಅಂದೆ.

ಧ್ವನಿ ನನ್ನದಲ್ಲ. ಅದರಲ್ಲಿ ನಗು ಇತ್ತು, ಎಳೆತ ಇತ್ತು, ಕೈ ಎಲೆಗೆ ಅಡ್ಡ ಬಂದ ಹಾಗೆ ಮುಂದೆ ಬಂದಿತ್ತು. ಜರಡಿಯವನು ನನ್ನ ಹೊಟ್ಟೆಯನ್ನೂ ಮುಖವನ್ನೂ ನೋಡಿದ. "ಒಂದೇ ಒಂದು ತಗೊಳ್ಳಿ," ಅಂದ.

"ಬೇಡ ಬೇಡ, ಈಗ ತಾನೇ ಎರಡು ಸಲ ಹಾಕಿಸ್ಕೊಂಡೆ."

"ಸಣ್ಣ ಕಣ್ಣಿಂದು ಅಮ್ಮಾ. ರವೆಗೆ ಚೆನ್ನಾಗಿರುತ್ತೆ."

"ಆಗಲಿ, ನೀನಿಷ್ಟು ಬಲವಂತ ಮಾಡ್ತಿದ್ದೀಯ. ಒಂಚೂರು ಹಾಕು," ಅಂದೆ. ಅವನು ಹಾಕಿದ. ಹದಿನಾಲ್ಕನೆಯದು ಅದೇ.

ಸಂಜೆ ನಮ್ಮವರನ್ನು ಕೂರಿಸಿಕೊಂಡು ಒಂದೊಂದಾಗಿ ಪರೀಕ್ಷೆ ಮಾಡಿದೆ. ಅವರು ಪಾಪ, ಹಾಳೆ ಪೆನ್ನು ಹಿಡಿದು ಕೂತು ಕೇಳಿದರು: ಅಟ್ಟ ಹತ್ತುತ್ತೀಯಾ, ಕತ್ತೆ ಸಾಕೋಣವಾ, ತಲೆ ಬೋಳಿಸಿಕೊಳ್ತೀಯಾ. ಒಂಬತ್ತೂ ಒಂದೇ ಜಾತಿಯವು. ಮೊದಲ ಸಲ ಕೇಳಿದರೆ ಬೇಡ, ಎರಡನೆಯ ಸಲಕ್ಕೂ ಬೇಡ, ಮೂರನೆಯ ಸಲ ಆಗಲಿ. ಒಂದು ಮಾತ್ರ ಎರಡನೆಯ ಸಲಕ್ಕೇ ಸೋತಿತು. ಯಾರೋ ಊಟದ ಪಂಕ್ತಿಯಲ್ಲಿ ಜೀವಮಾನವಿಡೀ ಉಪಚಾರ ಮಾಡಿಸಿಕೊಂಡವರ ಬೇಡಗಳನ್ನು ಅಂಗಡಿಯವರು ನನ್ನ ಪೊಟ್ಟಣಕ್ಕೆ ಹಾಕಿದ್ದರು.

"ಕತ್ತೆಗೂ ಆಗಲಿ ಅಂದ್ಬಿಟ್ಟೆ," ಎಂದು ನಮ್ಮವರು ಹಾಳೆ ಮಡಚಿದರು. ಅದನ್ನು ಕಪಾಟಿನ ಮೇಲಿಡುತ್ತಾ, "ಭಾನುವಾರ ಅಣ್ಣ ಬರ್ತಾನಂತೆ. ಕೇಳೋದಿದೆಯಂತೆ," ಅಂದರು.

ನಮ್ಮೂರಿನಲ್ಲಿ ಕೇಳುವುದು ಎಂದರೆ ಸುಮ್ಮನೆ ಬಾಯಿಮಾತಲ್ಲ. ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟು, ಯಾರನ್ನು ಕೇಳಬೇಕೋ ಅವರ ಮುಂದೆ ಸರಿಸಿ, ಮೂರು ಸಲ ಕೇಳುತ್ತಾರೆ. ಮೂರನೆಯ ಸಲದ ಮೇಲೂ ಬೇಡ ಬಿದ್ದರೆ ತಟ್ಟೆ ತೆಗೆಯುತ್ತಾರೆ, ಆ ಮಾತು ಅಲ್ಲಿಗೆ ಮುಗಿಯಿತು. ಬೀಳದಿದ್ದರೆ ಎಲೆ ಎತ್ತಿಕೊಳ್ಳಬೇಕು. ಎತ್ತಿಕೊಂಡದ್ದನ್ನು ಕೆಳಗಿಟ್ಟವರನ್ನು ನಾನು ನೋಡಿಲ್ಲ.

"ಯಾರನ್ನ ಕೇಳೋದು?"

"ನಿನ್ನನ್ನ."

ವಿಷಯ ಹೀಗಿತ್ತು. ಭಾವನವರ ಹೆಂಡತಿ, ನನ್ನ ವಾರಗಿತ್ತಿ ವಿಶಾಲಕ್ಕನಿಗೆ ಬೆನ್ನು ಹಿಡಿದು ಮೂರು ತಿಂಗಳಾಗಿತ್ತು. ಒಲೆಯ ಮುಂದೆ ನಿಲ್ಲಬಾರದೆಂದು ಡಾಕ್ಟರು ಹೇಳಿದ್ದರು. ಆ ಮನೆಯಲ್ಲಿ ಭಾವನವರೂ ಮೀಸೆ ಬಂದ ಇಬ್ಬರು ಮಕ್ಕಳೂ ಇದ್ದರು, ಆದರೆ ಅವರು ಒಲೆಯ ಮುಂದೆ ನಿಲ್ಲುವ ವಿಷಯ ಡಾಕ್ಟರೂ ಎತ್ತಿರಲಿಲ್ಲ. ಹೊರಗಿನವರ ಕೈ ಅಡುಗೆ ಭಾವನವರಿಗೆ ಸೇರುವುದಿಲ್ಲ. ಆದ್ದರಿಂದ ನಾನು ದಿನಾ ಬೆಳಿಗ್ಗೆ ಐದಕ್ಕೆ ಹೋಗಿ, ತಿಂಡಿ, ಎರಡು ಹೊತ್ತಿನ ಅಡುಗೆ ಮುಗಿಸಿ, ಒಂಬತ್ತಕ್ಕೆ ಮನೆಗೆ ಬರುವುದು.

"ಎಷ್ಟು ದಿನ?" ಅಂದೆ.

"ದಿನ ಅಂತ ಏನಿಲ್ಲ. ಇನ್ನು ಮೇಲೆ."

ನಾನು ಕೈಯಲ್ಲಿದ್ದ ಜರಡಿಯನ್ನು ಸುಮ್ಮನೆ ತಿರುಗಿಸುತ್ತಾ ನಿಂತೆ. ನಮ್ಮವರು ಒಳ್ಳೆಯವರು. "ನೀನು ಬೇಡ ಅಂದ್ರೆ ನಾನೇನೂ ಅನ್ನಲ್ಲ," ಅಂದರು.

"ನೀವೇ ಅಂದ್ಬಿಡಿ ಹಾಗಾದ್ರೆ."

"ನಾನು ಹೇಗೆ ಅನ್ನಲಿ? ಅವನು ನನ್ನನ್ನ ಕೇಳ್ತಿಲ್ವಲ್ಲ."

ಬೆಳಿಗ್ಗೆ ಐದೂವರೆಯಿಂದ ಆರೂವರೆ ಊರ ಕಲ್ಯಾಣಿಯಲ್ಲಿ ಹೆಂಗಸರ ಹೊತ್ತು. ಏಳು ವರ್ಷದಿಂದ ಅಲ್ಲಿ ನಾನು ಈಜು ಹೇಳಿಕೊಡುತ್ತೇನೆ. ಈಗ ಹನ್ನೊಂದು ಜನ ಬರುತ್ತಾರೆ, ನಲವತ್ತಕ್ಕಿಂತ ಚಿಕ್ಕವರು ಒಬ್ಬರೂ ಇಲ್ಲ. ಹಳೆಯ ಚೂಡಿದಾರ ಹಾಕಿಕೊಂಡು, ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು, ಚಳಿ ಚಳಿ ಎಂದು ಬೈದುಕೊಂಡು, ಆಮೇಲೆ ಇಳಿಯುತ್ತಾರೆ. ನಾನು ಅವರ ಬೆನ್ನ ಕೆಳಗೆ ಅಂಗೈ ಇಟ್ಟು, ಉಸಿರು ಬಿಡಿ, ಕತ್ತು ಬಿಡಿ, ಕಾಲು ಬಿಡಿ ಅನ್ನುತ್ತೇನೆ. ಒಂದು ದಿನ ಅಂಗೈ ತೆಗೆದಿರುತ್ತೇನೆ, ಅವರಿಗೆ ಗೊತ್ತಾಗಿರುವುದಿಲ್ಲ. ಅವರ ಮುಖ ಆಗ ಹೇಗಿರುತ್ತದೆ ಎಂದು ನಾನು ಮನೆಯಲ್ಲಿ ಯಾರಿಗೂ ವಿವರಿಸಲು ಹೋಗಿಲ್ಲ. ಕಿವಿ ನೀರಿನೊಳಗಿದ್ದಾಗ ಯಾರು ಏನು ಕೇಳಿದರೂ ಕೇಳಿಸುವುದಿಲ್ಲ. ಎರಡು ವರ್ಷ ಬೇಡ ಇಲ್ಲದೆ ನಾನು ಬದುಕಿದ್ದು ದಿನಕ್ಕೆ ಒಂದು ಗಂಟೆ ಅಲ್ಲಿದ್ದೆನೆಂದೇ.

ನಮ್ಮ ಬೀದಿಯ ಕೊನೆಯ ಮನೆಯ ಕೆಂಪಮ್ಮಣ್ಣಿಯ ಹತ್ತಿರ ಹೋದೆ. ಎಪ್ಪತ್ತು ದಾಟಿದ ಹೆಂಗಸು. ಕೆಂಪು ಕಾರ್ಡನ್ನು ಕೈಯಲ್ಲಿ ಮುಟ್ಟಿದವಳಲ್ಲ. ಕಾರ್ಡಿರುವವರ ಜಗುಲಿಯಲ್ಲಿ ಕೂತು ಅವರ ಪರವಾಗಿ ಬೇಡ ಹೇಳುವುದು ಅವಳ ಕಸುಬು. ಎರಡು ಲೋಟ ಕಾಫಿಗೆ ಒಂದು ಬೆಳಿಗ್ಗೆ. ವಾರಕ್ಕೆ ಒಂದು ದಿನ ನಮ್ಮ ಪಾಳಿ ಬರುತ್ತಿತ್ತು, ಜರಡಿಯವನು ಅದನ್ನು ತಿಳಿದುಕೊಂಡು ಬೇರೆ ದಿನ ಬರುತ್ತಿದ್ದ.

"ಭಾನುವಾರ ಮನೇಲಿ ಕೂತ್ಕೋತೀಯಾ ಕೆಂಪಮ್ಮಣ್ಣಿ?" ಅಂದೆ.

"ಕೂತ್ಕೋಬಹುದು ಕಣವ್ವ. ಆದ್ರೆ ಅದು ಸರಕು ಮಾರೋರಿಗೆ ನಡೀತದೆ. ಭಾವನ ಮುಂದೆ ನಾನು ಬೇಡ ಅಂದ್ರೆ, ನಿನ್ನನ್ಯಾರೇ ಕೇಳಿದ್ದು ಮುದುಕಿ, ಎದ್ದೋಗು ಅಂತಾನೆ. ನಾನು ಏಳಬೇಕಾಯ್ತದೆ." ಕಾಫಿ ಸೊರ್ರೆಂದು ಎಳೆದು ಲೋಟ ಕೆಳಗಿಟ್ಟಳು. "ಮನೆಯೋರು ಕೇಳಿದ್ದಕ್ಕೆ ಸ್ವಂತದ್ದೇ ಬೇಕು. ಅಂಗಡೀಗೋಗಿ ಜಗಳ ಆಡು."

ದೊಡ್ಡಂಗಡಿಯ ದೂರಿನ ಕೌಂಟರಿಗೆ ಸಂತೋಷ ವಿಭಾಗ ಎಂದು ಹೆಸರು. ಅದು ನಾಲ್ಕನೆಯ ಮಹಡಿಯಲ್ಲಿದೆ. ಅಲ್ಲಿಗೆ ಹತ್ತಿ ಹೋಗುವ ದಾರಿಯಲ್ಲಿ ಒಂದೊಂದು ಕೌಂಟರಿನವರೂ ಮೂರು ಸಲ ಕೇಳಿದ್ದರಿಂದ, ತಲುಪುವ ಹೊತ್ತಿಗೆ ನನ್ನ ಕೈಯಲ್ಲಿ ಎರಡು ಕಾಲೊರೆಸು, ಒಂದು ಗೋಡೆ ಗಡಿಯಾರ, ಮಗುವಿನ ಒಂದು ಟೊಪ್ಪಿ ಇದ್ದವು. ನಮ್ಮ ಮನೆಯಲ್ಲಿ ಮಗು ಇಲ್ಲ.

ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲೆ ಹೇಮಲತಾ ಎಂಬ ಬಿಲ್ಲೆ ಇತ್ತು. ನನ್ನನ್ನು ಕಂಡೊಡನೆ ಎದ್ದು ನಿಂತಳು.

"ನೀವು ಕೊಟ್ಟಿರೋ ಬೇಡ ನನ್ನದಲ್ಲಮ್ಮ," ಅಂದೆ.

"ಹೌದು ಮೇಡಂ."

"ಬದಲಾಯಿಸಿ ಕೊಡಬೇಕು."

"ಖಂಡಿತ ಕೊಡ್ತೀವಿ ಮೇಡಂ."

"ಭಾನುವಾರದೊಳಗೆ ಬೇಕು."

"ಆಗುತ್ತೆ ಮೇಡಂ."

ನಾನು ಸ್ವಲ್ಪ ಹೊತ್ತು ನಿಂತೆ. ಅವಳೂ ನಿಂತಳು. ಏನೂ ಆಗಲಿಲ್ಲ. ನನ್ನ ಹಿಂದಿದ್ದ ಹೆಂಗಸು ಮುಂದೆ ಬಂದು, ತನ್ನ ಬೇಡ ಹಲ್ಲಿಗೆ ಸಿಕ್ಕಿ ನೋಯುತ್ತದೆ ಅಂದಳು. ಅವಳಿಗೂ ಹೇಮಲತಾ ಖಂಡಿತ ಅಂದಳು. ಆ ಹೆಂಗಸು ಸಮಾಧಾನದಿಂದ ಹೋದಳು. ಆಗ ನನಗೆ ಹೊಳೆಯಿತು.

"ನೀನೂ ಕೊಟ್ಟಿದ್ದೀಯೇನಮ್ಮ?"

"ಹೌದು ಮೇಡಂ. ಕೆಲಸಕ್ಕೆ ಸೇರ್ಬೇಕಾದ್ರೆ ಎಲ್ಲಾನೂ ತಗೋತಾರೆ." ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಈ ವಿಭಾಗಕ್ಕೆ ಅಂಥವರನ್ನೇ ಹಾಕ್ತಾರೆ."

"ನಿಜ ಹೇಳು. ನನ್ನದು ಎಲ್ಲಿದೆ?"

"ಹೆಂಗಸರದೆಲ್ಲ ಒಂದೇ ಡಬ್ಬದಲ್ಲಿರುತ್ತೆ ಮೇಡಂ. ಎಲ್ಲಾ ಒಂದೇ ತರ ಅಂತ ಮ್ಯಾನೇಜರು ಹಾಗೆ ಹಾಕ್ಸಿದಾರೆ. ಲೆಕ್ಕಕ್ಕೆ ಸರಿಯಾಗಿ ಎಣಿಸಿ ಕೊಡ್ತೀವಿ ಅಷ್ಟೆ."

"ನಾನೇ ಹುಡುಕಿಕೊಳ್ಳಲಾ?"

ಹೇಮಲತಾ ಕಣ್ಣು ಮುಚ್ಚಿ ತೆಗೆದಳು. "ಹುಡುಕಿ ಮೇಡಂ," ಅಂದಳು. ಅವಳಿಗೆ ಬೇರೆ ಉತ್ತರ ಇರಲಿಲ್ಲ. ಅದು ಗೊತ್ತಿದ್ದೇ ನಾನು ಕೇಳಿದ್ದೆ.

ಉಗ್ರಾಣದಲ್ಲಿ ನನ್ನ ಎದೆಯೆತ್ತರದ ತಗಡಿನ ಡಬ್ಬ ಇತ್ತು. ಮೇಲೆ ಬಿಳಿ ಬಣ್ಣದಲ್ಲಿ ಮಹಿಳೆಯರು ಎಂದು ಬರೆದಿತ್ತು. ಪಕ್ಕದಲ್ಲಿ ಒಂದು ಸ್ಟೂಲು, ಒಂದು ಲೋಟ ಉಪ್ಪುನೀರು. ಒಂದನ್ನು ಉಪ್ಪುನೀರಿನಲ್ಲಿ ತೊಳೆದು, ನಾಲಿಗೆಯ ಕೆಳಗಿಟ್ಟು, ಒತ್ತಬೇಕು. ಆಗ ಯಾರಾದರೂ ಏನನ್ನಾದರೂ ಕೇಳಬೇಕು. ಹೇಮಲತಾ ಎದುರು ನಿಂತು, ಒಂದೊಂದಕ್ಕೂ ಅದೇ ಪ್ರಶ್ನೆ ಕೇಳಿದಳು. "ಕಾಫಿ ತರಿಸಲಾ ಮೇಡಂ?"

"ಬೇಡ ಕಣೇ, ನಂಗೆ ಹಲ್ಲಿಲ್ಲ," ಎಂದಿತು ಮೊದಲನೆಯದು, ಮುದುಕಿಯ ದನಿಯಲ್ಲಿ.

"ಬೇಡ ಅಣ್ಣ, ನಾನು ನಡ್ಕೊಂಡೇ ಹೋಗ್ತೀನಿ." ಇದು ಯಾವುದೋ ಹುಡುಗಿಯದು. ಬಹಳ ವೇಗವಾಗಿ ಬಂತು. ಹೇಳಿದ ಮೇಲೆ ನನ್ನ ಕಾಲು ಎರಡು ಹೆಜ್ಜೆ ಓಡಿತು.

"ಬೇಡ. ನೀಲಿದು ಕೊಡಿ." "ಬೇಡ, ನನ್ನದಿನ್ನೂ ಓದಿ ಮುಗಿದಿಲ್ಲ." "ಬೇಡಪ್ಪ ದೇವರೇ, ಇನ್ನೊಂದು ಹೆಣ್ಣು." ಒಂದು ಪಿಸುಮಾತಿನಲ್ಲಿ, "ಬೇಡಾಂದ್ರೆ, ಮಕ್ಕಳು ಎದ್ದಾವು," ಎಂದಿತು. ಹೇಮಲತಾ ನೆಲ ನೋಡಿದಳು. ನಾನು ಅದನ್ನು ಒರೆಸಿ ಡಬ್ಬದ ತಳಕ್ಕೆ, ಬೇರೆಯವರ ಕೈಗೆ ಸಿಗದ ಹಾಗೆ, ತೂರಿಸಿದೆ.

ನಲವತ್ತೋ ಐವತ್ತೋ ಆದವು. ಒಂದು ಸಾದಾ ದನಿಯಲ್ಲಿ, ಹಿಂದೆ ಮುಂದೆ ಏನೂ ಸೇರಿಸದೆ, ಸ್ವಲ್ಪ ತಡವಾಗಿ ಬೇಡ ಅಂದಿತು. "ಇದು ನಿಮ್ಮ ತರಾನೇ ಇದೆ ಮೇಡಂ," ಎಂದಳು ಹೇಮಲತಾ. ನಾನು ಮತ್ತೊಮ್ಮೆ ಕೇಳಿಸಿಕೊಂಡೆ. ಹೌದೆನ್ನಲು ಧೈರ್ಯ ಬರಲಿಲ್ಲ. ನನ್ನ ದನಿ ಅದನ್ನು ಹೇಳುವಾಗ ಹೇಗಿರುತ್ತಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಬಳೆ ಕೊಡ್ತೀರಾ ಎಂದು ಆ ಬಿಳಿ ಅಂಗಿಯವನು ಕೇಳಿದ್ದು ನೆನಪಾಯಿತು, ತಟ್ಟೆಯ ಟಣ್ ನೆನಪಾಯಿತು, ದನಿ ಆಗಲಿಲ್ಲ. ಅದನ್ನು ಡಬ್ಬಕ್ಕೆ ಹಾಕಿಬಿಟ್ಟೆ. ಹಾಕಿದ ಮೇಲೆ ಅದು ಎಲ್ಲದರ ಜೊತೆ ಸೇರಿಹೋಯಿತು.

ಅಂಗಡಿ ಮುಚ್ಚುವ ಮೊದಲ ಗಂಟೆ ಹೊಡೆದಾಗ ಇನ್ನೊಂದನ್ನು ಇಟ್ಟುಕೊಂಡೆ. "ಕಾಫಿ ತರಿಸಲಾ ಮೇಡಂ?"

"ಬೇಡ."

ಅಷ್ಟೇ. ಜೋರೇನಲ್ಲ. ಆದರೆ ಹೇಮಲತಾ ಒಂದು ಹೆಜ್ಜೆ ಹಿಂದೆ ಸರಿದಳು, ಕೈ ಸೆರಗಿಗೆ ಹೋಯಿತು. "ಅಬ್ಬಾ," ಅಂದಳು.

ಆ ದನಿ ನನಗೆ ಗೊತ್ತಿತ್ತು. ಮದುವೆಯಾದ ಎರಡನೆಯ ವರ್ಷ, ನನಗೆ ಗರ್ಭ ನಿಲ್ಲದೆ ಹೋದ ವಾರ, ಅತ್ತೆ ಮಾವ ಭಾವ ಎಲ್ಲ ನಡುಮನೆಯಲ್ಲಿ ಕೂತು, ಇವಳನ್ನು ತವರಿಗೆ ಕಳಿಸಿಬಿಡೋಣ, ಆಮೇಲೆ ನೋಡೋಣ ಎಂದು ಮಾತಾಡುತ್ತಿದ್ದರು. ನಾನು ಬಾಗಿಲ ಹಿಂದೆ ಮಲಗಿದ್ದೆ. ಅಡುಗೆಮನೆಯಿಂದ ವಿಶಾಲಕ್ಕ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ಒಂದು ಮಾತು ಅಂದಳು. ಅದೇ ಮಾತು, ಅದೇ ದನಿ. ಅವರು ವಿಷಯ ಬದಲಿಸಿದರು. ಮುಂದಿನ ವರ್ಷ ಭಾವನವರು ಫ್ರಿಜ್ಜು ತಂದರು. ಅದಾದ ಮೇಲೆ ಆ ದನಿ ಮನೆಯಲ್ಲಿ ಯಾರೂ ಕೇಳಿಲ್ಲ. ಫ್ರಿಜ್ಜಿನ ಕಂತು ತೀರಿ ಎಷ್ಟೋ ವರ್ಷವಾಗಿದೆ, ಫ್ರಿಜ್ಜೇ ಗುಜರಿಗೆ ಹೋಗಿದೆ. ರಸೀತಿ ಭಾವನವರ ಪೆಟ್ಟಿಗೆಯಲ್ಲಿರಬೇಕು. ಅವಳ ಬೇಡಗಳನ್ನು ಯಾರೂ ಹೋಗಿ ತಂದಿರಲಿಲ್ಲ.

"ಇದೊಂದನ್ನ ತಗೊಂಡು ಹೋಗಲಾ?" ಅಂದೆ.

"ತಗೊಂಡು ಹೋಗಿ ಮೇಡಂ," ಅಂದಳು ಹೇಮಲತಾ. ಕಾಗದದ ಪೊಟ್ಟಣ ಅವಳೇ ಕಟ್ಟಿಕೊಟ್ಟಳು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಭಾವನವರು ಬಂದರು. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಎಲೆಯ ಪೊಟ್ಟಣ. ಹಿಂದೆ ವಿಶಾಲಕ್ಕ, ಬೆನ್ನಿಗೆ ಅಗಲದ ಬೆಲ್ಟು ಬಿಗಿದುಕೊಂಡು, ಗೋಡೆ ಹಿಡಿದು ಬಂದು ಮರದ ಕುರ್ಚಿಯ ತುದಿಯಲ್ಲಿ ಕೂತಳು.

"ಏನು ಅತ್ತಿಗೆ, ಹೇಗಿದೆ ಬೆನ್ನು?" ಎಂದರು ನಮ್ಮವರು.

"ಇದೆ ಕಣಪ್ಪ, ಬೆನ್ನು ಅಂತ ಒಂದಿದೆ ಅಂತ ಗೊತ್ತಾಗೋ ಹಾಗಿದೆ."

ನಾನು ಒಳಗೆ ಹೋಗಿ ಕಾಫಿ ಬಗ್ಗಿಸಿದೆ. ಪೊಟ್ಟಣ ಬಿಚ್ಚಿ ಬೀಜದಂಥ ಆ ಬೇಡವನ್ನು ನಾಲಿಗೆಯ ಕೆಳಗಿಟ್ಟುಕೊಂಡೆ. ಬಾಯಿ ಸ್ವಲ್ಪ ಉಪ್ಪಾಯಿತು. ಲೋಟಗಳ ತಟ್ಟೆ ಹಿಡಿದು ಬರುವ ಹೊತ್ತಿಗೆ ಚಾಪೆಯ ಮುಂದೆ ಎಲೆಯ ತಟ್ಟೆ ಬಂದಿತ್ತು. ನಾನು ಕೂತೆ.

ಭಾವನವರು ಒರಟರಲ್ಲ. ಗಂಟಲು ಸರಿ ಮಾಡಿಕೊಂಡು, ಮದುವೆಮನೆಯ ಯಜಮಾನರ ಹಾಗೆ ನಯವಾಗಿ ಕೇಳಿದರು. "ನೋಡು ಮಾಲಿನಿ, ನೀನೇನು ಬೇರೆಯವಳಾ? ನಿನ್ನ ಕೈ ರುಚಿ ನಮ್ಮಮ್ಮನ ಕೈ ರುಚೀನೇ. ಇನ್ನು ಮೇಲೆ ಬೆಳಗಿನ ಹೊತ್ತು ಬಂದು ನಮ್ಮನೆ ಒಲೆ ನೋಡ್ಕೋತೀಯೇನಮ್ಮ?"

ಅಷ್ಟು ನಯವಾಗಿ ಕೇಳಿದ್ದೇ ತೊಂದರೆಯಾಯಿತು. ಒಳಗೆ ಕೂತಿದ್ದ ಆ ಒಂಬತ್ತಕ್ಕೆ ಅಭ್ಯಾಸ. ನಾನು ನಾಲಿಗೆ ಒತ್ತುವ ಮೊದಲೇ ಅವುಗಳಲ್ಲೊಂದು ಹಾರಿ ಬಂತು. "ಅಯ್ಯೋ ಬೇಡ ಭಾವ, ಆಗಲೇ ಬೇಕಾದಷ್ಟಾಯ್ತು!"

ಭಾವನವರು ನಕ್ಕರು. ಆ ಬೇಡದ ಜಾತಿ ಅವರಿಗೆ ಚೆನ್ನಾಗಿ ಗೊತ್ತು. "ಸಂಕೋಚ ಮಾಡ್ಕೋಬೇಡ. ಬರ್ತೀಯೇನಮ್ಮ?"

"ಬೇಡ ಬೇಡ, ಜಾಸ್ತಿ ಆಗುತ್ತೆ," ಎಂದಿತು ಇನ್ನೊಂದು. ನನ್ನ ಕೈ ಎಲೆಗೆ ಅಡ್ಡ ಹೋಗಿ, ಅರ್ಧಕ್ಕೆ ನಿಂತಿತು. ನಮ್ಮವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕತ್ತೆಗೆ ಏನಾಯಿತೆಂದು ಅವರಿಗೆ ನೆನಪಿತ್ತು. ನಾನು ತಲೆ ಬಗ್ಗಿಸಿ, ಕಾಫಿ ಲೋಟವನ್ನು ವಿಶಾಲಕ್ಕನ ಕೈಗೆ ಕೊಡುವ ನೆಪದಲ್ಲಿ ಅವಳ ಕಡೆ ವಾಲಿ, ನಾಲಿಗೆಯನ್ನು ಬಲವಾಗಿ ಒತ್ತಿ ಹಿಡಿದೆ. ಒಳಗಿನಿಂದ "ಆಗಲಿ" ಎಂಬುದು ಮೇಲೇರಿ ಬರುತ್ತಿತ್ತು.

"ಮೂರನೇ ಸಲ ಕೇಳ್ತಿದ್ದೀನಿ. ಬರ್ತೀಯಾ?"

"ಬೇಡ."

ಭಾವನವರು ನನ್ನನ್ನು ನೋಡಲೇ ಇಲ್ಲ. ನೇರ ವಿಶಾಲಕ್ಕನ ಮುಖ ನೋಡಿದರು. ಅವರ ಕೈ ಪಂಚೆಯ ಮೇಲೆ ಏನೋ ಹುಡುಕಿತು.

"ನೀನ್ಯಾಕೆ ಬೇಡ ಅಂತೀಯ?"

ವಿಶಾಲಕ್ಕ ಲೋಟ ಹಿಡಿದುಕೊಂಡೇ ಯೋಚಿಸಿದಳು. ತುಟಿ ಮುಟ್ಟಿ ನೋಡಿಕೊಂಡಳು. "ಅಂದ್ನಾ?" ಅಂದಳು. ಸ್ವಲ್ಪ ತಡೆದು, "ಅಂದೆ ಅನ್ಸುತ್ತೆ," ಅಂದಳು.

"ಕೇಳಿದ್ದು ಅವಳನ್ನ."

"ಅಡುಗೆಮನೆ ನಂದಲ್ವಾ? ಅದಕ್ಕೇ ಬಂದಿರಬೇಕು." ಅವಳ ಬೆನ್ನು ಬೆಲ್ಟಿನೊಳಗೆ ನೆಟ್ಟಗಾಯಿತು. "ನಮ್ಮ ಹಿಂದಿನ ಬೀದಿ ಸರಸೂನ ಅಡುಗೆಗೆ ಇಟ್ಕೊಳ್ಳಿ. ಅವಳು ಮಾಡೋ ಹುಳೀನ ಹೋದ ತಿಂಗಳು ಎರಡು ಸಲ ತಿಂದ್ರಲ್ಲ, ನಂದು ಅಂದ್ಕೊಂಡು."

ನಮ್ಮವರು ಕಿಟಕಿಯಿಂದ ಮುಖ ತಿರುಗಿಸಿದರು. "ಮೂರನೇದಕ್ಕೆ ಬೇಡ ಬಿತ್ತಲ್ಲಣ್ಣ," ಅಂದರು, ಹವಾಮಾನ ಹೇಳಿದ ಹಾಗೆ. "ತಟ್ಟೆ ತೆಗಿ."

ಭಾವನವರು ತಟ್ಟೆ ತೆಗೆದರು. ಎಲೆಯನ್ನು ಪೊಟ್ಟಣಕ್ಕೆ ತುಂಬುವಾಗ ಅವರ ಬೆರಳು ನಿಧಾನವಾಗಿದ್ದವು. "ಇಲ್ಲಿಂದು ಮುಗೀತು," ಅಂದರು. "ನಾಳೆ ಬೆಳಿಗ್ಗೆ ಮನೇಲಿ ನಿನ್ನನ್ನೇ ಕೇಳ್ತೀನಿ ವಿಶಾಲು. ತಟ್ಟೆ ಇಟ್ಟೇ ಕೇಳ್ತೀನಿ. ಆಳಿನ ಕೈಯಲ್ಲಿ ಉಣ್ಣೋದಕ್ಕಿಂತ ನೀನೇ ಒಲೆ ಮುಂದೆ ಒಂದು ಸ್ಟೂಲು ಹಾಕ್ಕೊಂಡು ಕೂತು ಮಾಡ್ತೀಯಾ ಅಂತ."

"ಕೇಳಿ," ಎಂದಳು ವಿಶಾಲಕ್ಕ. ಅವಳು ಹೀಗೆ ಕಣ್ಣರಳಿಸಿ ಕೂತದ್ದನ್ನು ನಾನು ಯಾವ ಕಾಲದಲ್ಲಿ ನೋಡಿದ್ದೆನೋ.

ನಾನು ಲೋಟ ಎತ್ತಿಕೊಂಡು ಒಳಗೆ ಬಂದೆ. ಅವಳು ಗೋಡೆ ಹಿಡಿಯದೆ ಹಿಂದೆಯೇ ಬಂದಳು. ನಲ್ಲಿಯ ಪಕ್ಕ ನಿಂತು ನನ್ನ ತೋಳು ಹಿಡಿದಳು. "ಬಂದ್ಬಿಡ್ತು ಕಣೇ ನಂಗೆ! ಇಪ್ಪತ್ತಮೂರು ವರ್ಷ ಆಯ್ತು. ಎಲ್ಲಿತ್ತೇ ಇದು ಇಷ್ಟು ದಿನ?"

"ಗೊತ್ತಿಲ್ಲಕ್ಕ," ಅಂದೆ. ಬೀಜ ನಾಲಿಗೆಯ ಕೆಳಗೆ ಇದ್ದುದರಿಂದ ಮಾತು ಸ್ವಲ್ಪ ತೊದಲಿತು.

"ನಾಳೆ ಇನ್ನೂ ಸರಿಯಾಗಿ ಅಂತೀನಿ. ಇವತ್ತು ಗೊತ್ತೇ ಆಗಲಿಲ್ಲ, ಬಾಯಿ ಕೂಡ ಸರಿಯಾಗಿ ತೆಗೀಲಿಲ್ಲ ನಾನು." ಅವಳು ಕಿಟಕಿಯ ಕಡೆಗೆ ತಿರುಗಿ ಬಾಯಿ ಸ್ವಲ್ಪ ತೆರೆದಳು, ಹಾಗೇ ಮುಚ್ಚಿದಳು. "ಊಹೂಂ, ಈಗ ಖರ್ಚು ಮಾಡಲ್ಲ. ನಾಳೆಗಿರಲಿ." ನಗುತ್ತಾ ನಡುಮನೆಗೆ ಹೋದಳು.

ನಾನು ನಲ್ಲಿ ತಿರುಗಿಸಿ ಲೋಟ ತೊಳೆಯುತ್ತಾ ನಿಂತೆ. ಇವತ್ತು ರಾತ್ರಿ ಇದನ್ನು ಇಟ್ಟುಕೊಂಡು ಮಲಗಿದರೆ ನಾಳೆಯಿಂದ ಇದು ನನ್ನದು. ಭಾವನವರು ಮುಂದಿನ ತಿಂಗಳು ತಟ್ಟೆ ಹಿಡಿದು ಬಂದರೂ, ಜರಡಿಯವನು ದಿನಾ ಬಂದರೂ, ಐದೂವರೆಯಿಂದ ಆರೂವರೆ ನನ್ನದೇ. ಇಡದಿದ್ದರೆ ನನ್ನ ಹತ್ತಿರ ಉಳಿಯುವುದು ಆ ಒಂಬತ್ತು. ನಾಳೆ ಬೆಳಿಗ್ಗೆ, ನಾನು ಯಾರದೋ ಬೆನ್ನ ಕೆಳಗೆ ಅಂಗೈ ಇಟ್ಟು ನೀರಲ್ಲಿ ನಿಂತಿರುವ ಹೊತ್ತಿಗೆ, ಆ ಮನೆಯಲ್ಲಿ ತಟ್ಟೆ ಇಡುತ್ತಾರೆ. ವಿಶಾಲಕ್ಕ ಧೈರ್ಯವಾಗಿ ಬಾಯಿ ತೆರೆಯುತ್ತಾಳೆ.

ಕೊನೆಯ ಲೋಟ ಕವುಚಿ ಹಾಕಿದೆ. ಬೆರಳು ಹಾಕಿ ಬೀಜ ತೆಗೆದು, ಧಾರೆಯ ಕೆಳಗೆ ಹಿಡಿದು ತೊಳೆದು, ಸೆರಗಿನಲ್ಲಿ ಒರೆಸಿದೆ. ಕಪಾಟಿನ ಮೇಲಿದ್ದ ಹಾಳೆಯ ಮೂಲೆ ಹರಿದು, ಔಷಧಿ ಅಂಗಡಿಯವರು ಕಟ್ಟುವ ಹಾಗೆ ನಾಲ್ಕು ಮೂಲೆ ಮಡಚಿ ಪೊಟ್ಟಣ ಮಾಡಿದೆ. ನಮ್ಮವರು ನೀರು ಕುಡಿಯಲು ಬಂದವರು ಬಗ್ಗಿ ನೋಡಿದರು.

"ಏನೇ ಅದು?"

"ಅಕ್ಕನ ಬೆನ್ನಿಗೆ ಮಾತ್ರೆ. ನಮ್ಮ ಈಜಿನವರೊಬ್ಬರು ಕೊಟ್ಟಿದ್ರು."

"ಓ," ಎಂದು ನೀರು ಕುಡಿದು ಹೋದರು. ನಡುಮನೆಯಲ್ಲಿ ಭಾವನವರು ಚಪ್ಪಲಿ ಹುಡುಕುವ ಸದ್ದು ಕೇಳಿಸಿತು. ನಾನು ನಮ್ಮವರ ಪೆನ್ನು ತೆಗೆದುಕೊಂಡು, ಪೊಟ್ಟಣದ ಮೇಲೆ ಡಾಕ್ಟರರ ಹಾಗೆ ಸಣ್ಣಕ್ಷರದಲ್ಲಿ ಬರೆದೆ: ರಾತ್ರಿ ಮಲಗುವಾಗ ನಾಲಿಗೆಯ ಕೆಳಗೆ. ಅಗಿಯಬಾರದು.